ಕಡಲ ಚಿತ್ರಕ್ಕೆ ಹೊರಡುವ ಮೊದಲು ತಿಥಿ ನೋಡಿ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಪ್ರೌಢಶಾಲಾ ಶಿಕ್ಷಕ. ನವೆಂಬರಿನಲ್ಲಿ ಮನೆಯವರೊಂದಿಗೆ ಐದು ದಿನ ಕಾರಿನಲ್ಲಿ ಕರಾವಳಿ ಸುತ್ತುವ ಯೋಚನೆ ಇದೆ. ಆಗುಂಬೆ ಘಟ್ಟ ಇಳಿದು ಕಾಪು, ಮಲ್ಪೆ, ಮರವಂತೆ, ಮುರುಡೇಶ್ವರ, ಹೊನ್ನಾವರ, ಗೋಕರ್ಣ, ಕಾರವಾರ ಎಲ್ಲವನ್ನೂ ನೋಡಿಕೊಂಡು ಜೋಗದ ಮೇಲೆ ಊರಿಗೆ ಮರಳಬೇಕೆಂದಿದ್ದೇವೆ. ನನ್ನ ಬಳಿ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ, ಅದರೊಂದಿಗೇ ಬಂದ 18–55 ಲೆನ್ಸ್, ಒಂದು 55–250 ಜೂಮ್ ಲೆನ್ಸ್ ಮತ್ತು ಟ್ರೈಪಾಡ್ ಇವೆ. ಕಳೆದ ಸಲ ಹೋದಾಗ ತೆಗೆದ ಚಿತ್ರಗಳೆಲ್ಲ ಕಿತ್ತಳೆ ಬಣ್ಣದ ಸೂರ್ಯ, ಕಪ್ಪು ತೆಂಗಿನಮರ. ಯಾರು ತೆಗೆದರೂ ಬರುವಂಥವು. ಸೃಜನಶೀಲ ಎನ್ನಿಸುವ ನಿಸರ್ಗಚಿತ್ರ ತೆಗೆಯಲು ಏನು ಮಾಡಬೇಕು? ಅಗಲ ನೋಟದ ಹೊಸ ಲೆನ್ಸ್ ಅಥವಾ ಡ್ರೋನ್ ಕೊಳ್ಳಬೇಕೆ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಲೆನ್ಸೂ ಬೇಡ, ಡ್ರೋನೂ ಬೇಡ. ಏನಾದರೂ ಕೊಳ್ಳಲೇಬೇಕೆಂಬ ಹುಕಿ ಇದ್ದರೆ ಎರಡು ಫಿಲ್ಟರ್ ಸಾಕು, ಅವುಗಳ ಮಾತು ಮುಂದೆ ಬರುತ್ತದೆ. ನಿಮ್ಮ ಚಿತ್ರಗಳು ಎಲ್ಲರ ಚಿತ್ರಗಳಂತೆ ಬಂದದ್ದು ಸಲಕರಣೆಯ ಕೊರತೆಯಿಂದಲ್ಲ. ಎಲ್ಲರೂ ನಿಲ್ಲುವ ಹೊತ್ತಿನಲ್ಲಿ ಎಲ್ಲರೂ ನೋಡುವ ದಿಕ್ಕಿಗೆ ಮುಖ ಮಾಡಿ ನಿಂತಿದ್ದರಿಂದ. ಸೂರ್ಯ ಮಲ್ಪೆಯಲ್ಲಿ ಬೇರೆ, ಗೋಕರ್ಣದಲ್ಲಿ ಬೇರೆ ಎಂದೇನಿಲ್ಲವಲ್ಲ. ಊರಿಂದ ಊರಿಗೆ, ಗಂಟೆಯಿಂದ ಗಂಟೆಗೆ ಬದಲಾಗುವುದು ನೀರು ನೆಲವನ್ನು ಮುಟ್ಟುವ ಅಂಚು. ಆ ಅಂಚನ್ನು ಹಿಂದೆ ಮುಂದೆ ಸರಿಸುವುದು ಉಬ್ಬರ ಮತ್ತು ಇಳಿತ. ಹಾಗಾಗಿ ಕಡಲತೀರಕ್ಕೆ ಕ್ಯಾಮೆರಾ ಹೊತ್ತು ಹೊರಡುವವರು ಶಾಲೆಯ ರಜೆಗಿಂತ, ಹವಾಮಾನ ವರದಿಗಿಂತ ಮೊದಲು ತಿಥಿ ನೋಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಮಲೆನಾಡಿನವರಿಗೆ ಅಲ್ಲಿ ಇನ್ನೂ ಒಂದು ತೊಡಕಿದೆ. ನಮ್ಮ ಕಡೆ ಕ್ಯಾಮೆರಾ ಎತ್ತಿದರೆ ಚೌಕಟ್ಟಿನೊಳಗೆ ನುಗ್ಗುವ ಸಾಮಾನು ಜಾಸ್ತಿ: ಅಡಿಕೆ ಮರ, ಬಿದಿರುಮೆಳೆ, ಬೇಲಿ, ಹೆಂಚಿನ ಮಾಡು, ಅಡ್ಡಾದಿಡ್ಡಿ ವಿದ್ಯುತ್ ತಂತಿ. ಯಾವುದನ್ನು ಬಿಡಬೇಕು ಎಂಬುದೇ ನಮ್ಮ ತಲೆನೋವು. ಘಟ್ಟ ಇಳಿದು ಕಡಲ ಮುಂದೆ ನಿಂತ ಕೂಡಲೇ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಒಂದು ಗೆರೆ, ಗೆರೆಯ ಮೇಲೆ ಆಕಾಶ, ಕೆಳಗೆ ನೀರು, ಅಷ್ಟೇ. ದಟ್ಟಣೆಗೆ ಒಗ್ಗಿದ ಕಣ್ಣು ಆ ಬಯಲಿಗೆ ಕಂಗಾಲಾಗಿ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಸಿಗುವುದು ಸೂರ್ಯ, ಇಲ್ಲವೇ ತೆಂಗಿನಮರ. ಅಗಲ ನೋಟದ ಲೆನ್ಸ್ ಹಾಕಿದರೆ ಈ ಕಷ್ಟ ಇನ್ನೂ ಹೆಚ್ಚುತ್ತದೆ, ಏಕೆಂದರೆ ಅದು ಬಯಲನ್ನು ಮತ್ತಷ್ಟು ಬಯಲು ಮಾಡುತ್ತದೆ. ದಿಗಂತದ ಗೆರೆಗೆ ಎದುರಾಗಿ ಮುನ್ನೆಲೆಯಲ್ಲಿ ನಿಲ್ಲಿಸಲು ನಿಮಗೆ ಒಂದೇ ಒಂದು ವಸ್ತು ಬೇಕು. ಒದ್ದೆ ಬಂಡೆಯಾಗಬಹುದು, ದೋಣಿಗೆ ಕಟ್ಟಿದ ಹಗ್ಗವಾಗಬಹುದು, ಅಳಿವೆಯಲ್ಲಿ ಬಲೆ ಕಟ್ಟಲು ನೆಟ್ಟ ಗೂಟವಾಗಬಹುದು. ಇವೆಲ್ಲ ಕಣ್ಣಿಗೆ ಬೀಳುವುದು ನೀರು ಹಿಂದೆ ಸರಿದಾಗ.

ಈಗ ತಿಥಿಯ ಮಾತು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇವತ್ತಿನ ಇಳಿತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತದ ಅಂತರ ದೊಡ್ಡದು, ಅಷ್ಟಮಿಯ ಹೊತ್ತಿಗೆ ಚಿಕ್ಕದು. ಕರ್ನಾಟಕ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ಇಳಿತ ಸಾಮಾನ್ಯವಾಗಿ ನಸುಕಿನಲ್ಲಿ ಮತ್ತು ಇಳಿಹೊತ್ತಿನಲ್ಲಿ ಬರುತ್ತದೆ. ಚಿತ್ರಕ್ಕೆ ಬೇಕಾದ ಎಳೆ ಬಿಸಿಲೂ ಅದೇ ಹೊತ್ತಿನದು. ಅಷ್ಟಮಿಗೆ ಹೋದವರಿಗೆ ಸಂಜೆ ಬೆಳಕು ಚೆನ್ನಾದಾಗ ನೀರು ಮೇಲೇರಿ ಬಂಡೆ, ಮರಳು ಎಲ್ಲ ಮುಳುಗಿರುತ್ತದೆ. ಅವರಿಗೆ ಉಳಿಯುವುದು ಮತ್ತೆ ಸೂರ್ಯನೇ. ಆಯಾ ಬಂದರಿನ ಉಬ್ಬರ-ಇಳಿತದ ನಿಖರ ಸಮಯ ಮೊಬೈಲಿನಲ್ಲೇ ಸಿಗುತ್ತದೆ. ಹೊರಡುವ ಹಿಂದಿನ ದಿನ ಐದೂ ದಿನದ್ದನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅಲೆಗಳ ಎತ್ತರದ ಮುನ್ಸೂಚನೆಯನ್ನು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಪ್ರಕಟಿಸುತ್ತದೆ, ಅದನ್ನೂ ನೋಡಿ.

ಹುಣ್ಣಿಮೆಯನ್ನೇ ಆರಿಸಿ ಎನ್ನಲು ನನಗೆ ಇನ್ನೊಂದು ಕಾರಣವಿದೆ. ನಮ್ಮದು ಪಶ್ಚಿಮ ಕರಾವಳಿ. ಹುಣ್ಣಿಮೆಯ ಸಂಜೆ ಸೂರ್ಯ ಕಡಲಿಗೆ ಇಳಿಯುವ ಹೊತ್ತಿಗೇ ಬೆನ್ನ ಹಿಂದೆ ಘಟ್ಟದ ಮೇಲೆ ಚಂದ್ರ ಏಳುತ್ತಾನೆ. ಹುಣ್ಣಿಮೆಯ ದಿನದ ಅಥವಾ ಮರುದಿನದ ಮುಂಜಾನೆ ಅದೇ ಚಂದ್ರ ಕಡಲಿಗೆ ಇಳಿಯುತ್ತಾನೆ, ಪೂರ್ವದಿಂದ ಬರುವ ತೆಳು ಬೆಳಕು ಆಗ ಮರಳಿನ ಮೇಲೆ ಬಿದ್ದಿರುತ್ತದೆ. ಕಡಲಿಗೆ ಇಳಿಯುವ ಸೂರ್ಯನನ್ನು ಸಾವಿರ ಜನ ತೆಗೆದಿದ್ದಾರೆ. ಕಡಲಿಗೆ ಇಳಿಯುವ ಚಂದ್ರನನ್ನು ತೆಗೆದವರು ಕಡಿಮೆ, ಏಕೆಂದರೆ ಅದಕ್ಕೆ ಬೆಳಗಿನ ಐದು ಗಂಟೆಗೆ ಏಳಬೇಕು. ಇದಕ್ಕೆ ನಿಮ್ಮ 250 ಮಿ.ಮೀ. ಜೂಮ್ ಸಾಕು. ಚಂದ್ರನ ಬೆಳಕೂ ಸುತ್ತಲಿನ ಬೆಳಕೂ ಸರಿಸಮವಾಗಿರುವುದು ಹತ್ತು ಹದಿನೈದು ನಿಮಿಷ ಮಾತ್ರ. ಅದಕ್ಕಿಂತ ಮೊದಲಾದರೆ ಚಂದ್ರ ಬಿಳಿ ಬಿಲ್ಲೆಯಾಗುತ್ತಾನೆ, ಆಮೇಲಾದರೆ ಆಕಾಶದಲ್ಲಿ ಕರಗಿಹೋಗುತ್ತಾನೆ. ಶಟರ್ ತೆರೆದಿರುವ ಸಮಯ ಅರ್ಧ ಸೆಕೆಂಡನ್ನು ಮೀರದಿರಲಿ, ಆ ಜೂಮಿನಲ್ಲಿ ಚಂದ್ರನ ಚಲನೆಯೇ ಚಿತ್ರವನ್ನು ಮಸುಕು ಮಾಡುತ್ತದೆ.

ನಿಮ್ಮ ಊರುಗಳ ಪಟ್ಟಿಗೆ ಕತ್ತರಿ ಹಾಕಲೇಬೇಕು. ಐದು ದಿನಕ್ಕೆ ಏಳು ಊರು ಎಂದರೆ ಒಳ್ಳೆಯ ಬೆಳಕಿನ ಗಂಟೆಗಳೆಲ್ಲ ಹೆದ್ದಾರಿ 66ರಲ್ಲಿ ಲಾರಿಗಳ ಹಿಂದೆ ಕಳೆದುಹೋಗುತ್ತವೆ. ನಾನಾಗಿದ್ದರೆ ಗೋಕರ್ಣ ಮತ್ತು ಕಾರವಾರವನ್ನು ಈ ಸಲ ಬಿಡುತ್ತೇನೆ. ಅವೆರಡಕ್ಕೂ ಬೇರೆಯೇ ಪ್ರವಾಸ ಬೇಕು. ಕಾರವಾರದಾಚೆ ಮಾಜಾಳಿಯ ಬಳಿಯ ತಿಳಮಾತಿಯ ಕಪ್ಪು ಮರಳಿನ ದಂಡೆಯೊಂದಕ್ಕೇ ಒಂದು ದಿನ ಕೊಡಬಹುದು. ಮೊದಲ ರಾತ್ರಿ ಕಾಪು ಅಥವಾ ಮಲ್ಪೆ, ಆಮೇಲೆ ಎರಡು ರಾತ್ರಿ ಮರವಂತೆ–ಬೈಂದೂರಿನ ನಡುವೆ, ಕೊನೆಯದು ಹೊನ್ನಾವರ. ಅಲ್ಲಿಂದ ಗೇರುಸೊಪ್ಪೆಯ ಘಟ್ಟ ಹತ್ತಿ ಜೋಗದ ಮೇಲೆ ಮನೆಗೆ. ಮುರುಡೇಶ್ವರ ದಾರಿಯಲ್ಲೇ ಸಿಗುತ್ತದೆ, ಮನೆಯವರು ದರ್ಶನ ಮಾಡಿಕೊಳ್ಳಲಿ. 123 ಅಡಿಯ ಶಿವನನ್ನು ಬುಡದಲ್ಲಿ ನಿಂತು ತೆಗೆದ ಚಿತ್ರ ಪ್ರತಿ ಮನೆಯ ಗೋಡೆಯಲ್ಲೂ ಇದೆ. ತೆಗೆಯುವುದಾದರೆ ದೂರದ ದಂಡೆಯಿಂದ, ದೋಣಿಗಳ ನಡುವೆ ಬೆರಳಿನಷ್ಟಾಗಿ ಕಾಣುವಂತೆ ತೆಗೆಯಿರಿ.

ಘಟ್ಟ ಇಳಿಯುವ ದಿನವನ್ನೂ ಪ್ರಯಾಣಕ್ಕೆಂದೇ ಬಿಟ್ಟುಕೊಡಬೇಡಿ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯಲ್ಲಿ ಸಂಜೆ ಕಾಲಿಡಲು ಜಾಗವಿರುವುದಿಲ್ಲ. ಬೆಳಗ್ಗೆ ಏಳರ ಸುಮಾರಿಗೆ ಅದೇ ಜಾಗಕ್ಕೆ ಬನ್ನಿ. ಸೂರ್ಯ ನಿಮ್ಮ ಹಿಂದೆ ಏಳುತ್ತಾನೆ, ಕಣಿವೆಯಲ್ಲಿ ಮಂಜು ಇನ್ನೂ ಕರಗಿರುವುದಿಲ್ಲ, ಗುಡ್ಡಗಳ ತಲೆ ಒಂದೊಂದಾಗಿ ಮೇಲೆ ಬರುತ್ತದೆ. ಇಲ್ಲಿ ಅಗಲ ನೋಟ ಬೇಡವೇ ಬೇಡ; 150ರಿಂದ 250 ಮಿ.ಮೀ. ಹಾಕಿ ಎರಡೋ ಮೂರೋ ಪದರಗಳನ್ನು ಮಾತ್ರ ಚೌಕಟ್ಟಿನೊಳಗೆ ತನ್ನಿ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಮಂಜನ್ನು ಕಂಡರೆ ಅದನ್ನು ಬೂದು ಬಣ್ಣಕ್ಕೆ ಇಳಿಸುತ್ತದೆ, ಆದ್ದರಿಂದ ಎಕ್ಸ್‌ಪೋಷರ್ ಅನ್ನು, ಅಂದರೆ ಒಳಬಿಡುವ ಬೆಳಕನ್ನು, ಮುಕ್ಕಾಲಿನಿಂದ ಒಂದು ಸ್ಟಾಪಿನಷ್ಟು ಹೆಚ್ಚಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಮಂಜು ಬಿಳಿಯಾಗಿಯೇ ಉಳಿಯುತ್ತದೆ.

ಇನ್ನು ಮರವಂತೆ. ಒಂದು ಕಡೆ ಅರಬ್ಬೀ ಸಮುದ್ರ, ನಡುವೆ ಹೆದ್ದಾರಿ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ಕಾರು ನಿಲ್ಲಿಸಿದವರೆಲ್ಲ ಪಶ್ಚಿಮಕ್ಕೆ ಓಡುತ್ತಾರೆ. ನೀವು ಬೆಳಗಿನ ಜಾವ ಹೋಗಿ ಕಡಲಿಗೆ ಬೆನ್ನು ಹಾಕಿ ನಿಲ್ಲಿ. ಎದುರಿಗೆ ಅಲುಗಾಡದ ಹೊಳೆ, ಹೊಳೆಯಾಚೆ ತೆಂಗಿನ ತೋಟ, ಅದರ ಮೇಲೆ ನೀಲಿಯಾಗಿ ಘಟ್ಟದ ಸಾಲು. ಅಲ್ಲಿ ಕಾಣುವುದು ಕೊಡಚಾದ್ರಿಯ ಕಡೆಯ ಬೆಟ್ಟಗಳು, ಅಂದರೆ ಹೊಸನಗರದ ಕಡೆಯಿಂದ ಕಾಣುವ ಸಾಲಿನ ಬೆನ್ನು. 1,343 ಮೀಟರ್ ಎತ್ತರದ ಆ ಬೆಟ್ಟದ ತುದಿಯಿಂದ ಆಕಾಶ ತಿಳಿಯಾಗಿದ್ದ ದಿನ ಕಡಲು ಕಾಣುತ್ತದೆಂದು ನಮ್ಮವರೆಲ್ಲ ಹತ್ತುತ್ತಾರೆ. ಕಡಲ ಬದಿಯಿಂದ ತಿರುಗಿ ನೋಡುವವರು ವಿರಳ. ಸೂರ್ಯ ಬೆಟ್ಟದ ಮೇಲೆ ಬರುವ ಮೊದಲಿನ ಅರ್ಧ ಗಂಟೆಯಲ್ಲಿ ಬೆಟ್ಟದ ಸಾಲು ಹೊಳೆಯಲ್ಲಿ ಪೂರ್ತಿಯಾಗಿ ಪ್ರತಿಫಲಿಸುತ್ತದೆ. ಗಾಳಿ ಎದ್ದ ಮೇಲೆ ಆ ಪ್ರತಿಬಿಂಬ ಒಡೆದುಹೋಗುತ್ತದೆ. ಹುಣ್ಣಿಮೆಯ ಸಂಜೆ ಚಂದ್ರ ಏಳುವುದೂ ಈ ಸಾಲಿನ ಹಿಂದಿನಿಂದಲೇ. ಒಂದೇ ರಸ್ತೆಬದಿಯಲ್ಲಿ ನಿಂತು ಸಂಜೆ ಹೊಳೆಯ ಮೇಲೆ ಚಂದ್ರೋದಯ, ಮುಂಜಾನೆ ರಸ್ತೆ ದಾಟಿ ಕಡಲ ಮೇಲೆ ಚಂದ್ರಾಸ್ತ: ಇಂಥ ಅನುಕೂಲ ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ. ಎರಡು ರಾತ್ರಿ ಅಲ್ಲಿರಿ ಎಂದದ್ದು ಇದಕ್ಕೇ. ರಸ್ತೆ ದಾಟುವಾಗ ಮಾತ್ರ ಕಣ್ಣು ಕ್ಯಾಮೆರಾದಲ್ಲಿ ಇರಬಾರದು, ಅದು ಹೆದ್ದಾರಿ.

ಕಡಲ ಬದಿಯಲ್ಲಿ ಕೊರೆತ ತಡೆಯಲು ಸುರಿದ ಬಂಡೆಗಳಿವೆ. ಅವು ಚಿತ್ರ ಕೆಡಿಸುತ್ತವೆಂದು ಹಲವರು ಗೊಣಗುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮನುಷ್ಯ ಕಡಲಿಗೆ ಅಡ್ಡಗಟ್ಟಿದ ಆ ಒರಟು ಸಾಲೂ ಈ ತೀರದ ನಿಜವೇ. ಅದನ್ನು ಮರೆಮಾಚಿ ತೆಗೆದ ಚಿತ್ರಕ್ಕಿಂತ ಅದನ್ನೇ ಮುನ್ನೆಲೆ ಮಾಡಿಕೊಂಡು ತೆಗೆದದ್ದು ಹೆಚ್ಚು ಹೇಳುತ್ತದೆ.

ನೀರಿನ ಚಲನೆಯನ್ನು ಹಿಡಿಯುವ ಅಭ್ಯಾಸಕ್ಕೆ ಕಾಪು ಒಳ್ಳೆಯ ಜಾಗ. 1901ರಲ್ಲಿ ಕಟ್ಟಿದ ದೀಪಸ್ತಂಭ ಬಂಡೆಯ ಮೇಲೆ ನಿಂತಿದೆ, ಸುತ್ತ ಚಿಕ್ಕ ಬಂಡೆಗಳ ರಾಶಿ. ಅಲೆ ಬಂಡೆಗೆ ಬಡಿಯುವಾಗ ಎಲ್ಲರೂ ಶಟರ್ ಒತ್ತುತ್ತಾರೆ. ನೀವು ಕಾಯಿರಿ. ಬಡಿದ ನೀರು ಒಂದು ಕ್ಷಣ ಬಂಡೆಯ ಮೇಲೆ ತಡೆದು ನಿಲ್ಲುತ್ತದೆ, ಆಮೇಲೆ ಸಂದುಗೊಂದುಗಳಿಂದ ಹಿಂದಕ್ಕೆ ಜಾರತೊಡಗುತ್ತದೆ. ಜಾರುವಾಗ ನೊರೆಯನ್ನು ಉದ್ದುದ್ದ ಎಳೆದುಕೊಂಡು ಹೋಗುತ್ತದೆ. ಸರಿಯಾಗಿ ಆ ಜಾರುವಿಕೆಯ ಆರಂಭದಲ್ಲಿ ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡಿನಷ್ಟು ಶಟರ್ ಕೊಟ್ಟರೆ ನೊರೆಯೆಲ್ಲ ಬಿಳಿ ಗೆರೆಗಳಾಗುತ್ತದೆ, ಗೆರೆಗಳು ನೋಡುವವರ ಕಣ್ಣನ್ನು ಬುಡದಿಂದ ದಿಗಂತದವರೆಗೆ ಒಯ್ಯುತ್ತವೆ. ಐದು ಸೆಕೆಂಡ್ ಕೊಟ್ಟರೆ ಗೆರೆಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಮೂವತ್ತು ಸೆಕೆಂಡಿಗೆ ಕಡಲು ಬರೀ ಬಿಳಿ ಹೊಗೆ. ಈ ಬಿಳಿ ಹೊಗೆಯ ಗೀಳು ಈಗ ಎಲ್ಲ ಕಡೆ ಹಬ್ಬಿದೆ. ನೋಡಲು ಚೆಂದವೇ, ಆದರೆ ಅದು ಕಾಪುವೋ ಮಾಲ್ಡೀವ್ಸೋ ಎಂದು ತೆಗೆದವರಿಗೇ ಗೊತ್ತಾಗುವುದಿಲ್ಲ. ಅಲೆ ಸಿಡಿಯುವುದೇ ಬೇಕಾದರೆ ಉಲ್ಟಾ ದಾರಿ: 1/1000 ಸೆಕೆಂಡ್, ಸೂರ್ಯ ಎದುರಿಗಿರಲಿ, ಹನಿಗಳಿಗೆ ಹಿಂದಿನಿಂದ ಬೆಳಕು ಬೀಳಲಿ.

ನಿಲ್ಲುವ ದಿಕ್ಕನ್ನೂ ಮೊದಲೇ ಗೊತ್ತು ಮಾಡಿಕೊಳ್ಳಬಹುದು. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಜೂನ್ ಕೊನೆಗೆ ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೂ ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೂ ಮುಳುಗುತ್ತಾನೆ. ನೀವು ಹೋಗುವ ನವೆಂಬರ್ ಮಧ್ಯದಲ್ಲಿ 19 ಡಿಗ್ರಿ ದಕ್ಷಿಣಕ್ಕಿರುತ್ತಾನೆ. ದೀಪಸ್ತಂಭದ ಹಿಂದೆ ಸೂರ್ಯ ಬರಬೇಕೆಂದರೆ ಸ್ತಂಭಕ್ಕೆ ಪೂರ್ವದಲ್ಲಿ, ತುಸು ಈಶಾನ್ಯಕ್ಕೆ ಸರಿದು ನಿಲ್ಲಬೇಕಾಗುತ್ತದೆ. ಸೂರ್ಯ ದಿಗಂತವನ್ನು ಮುಟ್ಟಿದ ಮೇಲೆ ಪೂರ್ತಿ ಮುಳುಗಲು ಎರಡು ನಿಮಿಷದ ಮೇಲೆ ಸ್ವಲ್ಪವೇ ಸಮಯ. ಜನ ಆಗ ಚಪ್ಪಾಳೆ ತಟ್ಟಿ ಬಜ್ಜಿ ಅಂಗಡಿಯ ಕಡೆ ಹೊರಡುತ್ತಾರೆ. ನೀವು ಇನ್ನೂ 20 ನಿಮಿಷ ಅಲ್ಲೇ ಇರಿ. ಬಂಡೆಯ ಗುಂಡಿಗಳಲ್ಲಿ ನಿಂತ ನೀರು ಆಕಾಶದ ನೀಲಿ, ನೇರಳೆಗಳನ್ನು ಹಿಡಿದುಕೊಳ್ಳುವುದು, ದೀಪ ತಿರುಗಲಾರಂಭಿಸುವುದು ಆ ಹೊತ್ತಿನಲ್ಲಿ. ಉತ್ತರದ ದೇಶಗಳಂತೆ ನಮ್ಮಲ್ಲಿ ಸಂಜೆಗೆಂಪು ಗಂಟೆಗಟ್ಟಲೆ ನಿಲ್ಲುವುದಿಲ್ಲ. ಸೂರ್ಯ ಹೆಚ್ಚುಕಡಿಮೆ ನೇರವಾಗಿ ಕೆಳಗಿಳಿಯುವುದರಿಂದ ಕತ್ತಲೆ ಬೇಗ ಬೀಳುತ್ತದೆ. ಆದ್ದರಿಂದ ಟ್ರೈಪಾಡ್ ಮೊದಲೇ ಹೂಡಿರಬೇಕು.

ಸೆಟ್ಟಿಂಗುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನಿಮಗೆ ಮೂಲಪಾಠ ಗೊತ್ತಿದೆಯೆಂದು ಪ್ರಶ್ನೆಯಿಂದಲೇ ತಿಳಿಯುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನೊಳಗಿನ ರಂಧ್ರ) ಎಫ್/8 ಅಥವಾ ಎಫ್/11, ಫೈಲ್ ರಾ (ಕ್ಯಾಮೆರಾ ತಿದ್ದದ ಮೂಲ ರೂಪ). ಎಲ್ಲವೂ ಸ್ಪಷ್ಟವಾಗಲೆಂದು ಎಫ್/22ಕ್ಕೆ ಹೋಗಬೇಡಿ, ಅಷ್ಟು ಕಿರಿದಾದ ರಂಧ್ರದಲ್ಲಿ ಬೆಳಕು ಬಾಗಿ ಇಡೀ ಚಿತ್ರದ ಮೊನಚು ಕುಂದುತ್ತದೆ. ನಿಮ್ಮ 18–55 ಲೆನ್ಸಿನ ಅಗಲ ತುದಿಯಲ್ಲಿ, ಎಫ್/8ರಲ್ಲಿ, ಸುಮಾರು ಎರಡು ಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಿದರೆ ಒಂದು ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಸಮತೋಲನ, ಆಟೋದಲ್ಲಿದ್ದರೆ ಕ್ಯಾಮೆರಾ ಮುಸ್ಸಂಜೆಯ ಬಣ್ಣವನ್ನು ತಾನೇ ಸರಿಪಡಿಸಲು ಹೊರಡುತ್ತದೆ. ಹಗಲು ಬೆಳಕಿಗೆ ಕಟ್ಟಿಹಾಕಿ. ಟ್ರೈಪಾಡಿನ ಮೇಲೆ ಕೂರಿಸಿದಾಗ ಲೆನ್ಸಿನ ಕಂಪನ ನಿವಾರಕವನ್ನು ಆಫ್ ಮಾಡಿ. ಮರಳಿನಲ್ಲಿ ಟ್ರೈಪಾಡಿನ ಕಾಲುಗಳನ್ನು ಕೈಯಿಂದ ಅದುಮಿ ಆಳಕ್ಕಿಳಿಸಿ, ಇಲ್ಲದಿದ್ದರೆ ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನೂ ಕೊಂಡೊಯ್ದು, ಎಕ್ಸ್‌ಪೋಷರ್ ನಡೆಯುವಾಗಲೇ ಕ್ಯಾಮೆರಾ ಅರ್ಧ ಬೆರಳು ಕೆಳಗಿಳಿಯುತ್ತದೆ. ಆಮೇಲೆ ಮನೆಯಲ್ಲಿ ಕಂಪ್ಯೂಟರಿನಲ್ಲಿ ನೋಡುವವರೆಗೆ ಗೊತ್ತೇ ಆಗುವುದಿಲ್ಲ.

ಫಿಲ್ಟರ್ ಎರಡು ಎಂದೆನಲ್ಲ. ಮೊದಲನೆಯದು ಪೋಲರೈಸರ್. ಒದ್ದೆ ಬಂಡೆಯ ಮೇಲಿನ, ನೀರಿನ ಮೇಲಿನ ಬಿಳಿ ಮಿರುಗನ್ನು ಅದು ಕಡಿಮೆ ಮಾಡುತ್ತದೆ, ಕೆಳಗಿನ ಪಾಚಿಯ ಹಸಿರೂ ಜಂಬಿಟ್ಟಿಗೆಯ ಕೆಂಪೂ ಮೇಲೆ ಬರುತ್ತವೆ. ಕಂಪ್ಯೂಟರಿನಲ್ಲಿ ಮಾಡಲಾಗದ ಕೆಲಸ ಇದು. ಪೂರ್ತಿ ತಿರುಗಿಸಬೇಡಿ, ಮಿರುಗೆಲ್ಲ ಹೋದರೆ ನೀರು ಸತ್ತಂತೆ ಕಾಣುತ್ತದೆ. ಮರವಂತೆಯ ಹೊಳೆಯಲ್ಲಿ ಪ್ರತಿಬಿಂಬ ಬೇಕಾದಾಗ ಅದನ್ನು ತೆಗೆದಿಡಿ. ಎರಡನೆಯದು ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್. ಆರು ಸ್ಟಾಪಿನದು ಸಾಕು. 1/60 ಸೆಕೆಂಡಿನ ಶಟರ್ ಅದರಿಂದ ಸುಮಾರು ಒಂದು ಸೆಕೆಂಡಿಗೆ ಬರುತ್ತದೆ, ನಾನು ಮೇಲೆ ಹೇಳಿದ ನೊರೆಗೆರೆಗೆ ಬೇಕಾದದ್ದು ಅಷ್ಟೇ. ಹತ್ತು ಸ್ಟಾಪಿನದು 1/30 ಸೆಕೆಂಡನ್ನು ಅರ್ಧ ನಿಮಿಷಕ್ಕೆ ಎಳೆಯುತ್ತದೆ. ಬಿಳಿ ಹೊಗೆ ಬೇಕೆಂಬವರು ಕೊಳ್ಳಲಿ. ಲೆನ್ಸಿನ ಮೂತಿಯ ವ್ಯಾಸ ಅದರ ಮೇಲೇ ಬರೆದಿರುತ್ತದೆ, ಸಾಮಾನ್ಯವಾಗಿ 55 ಅಥವಾ 58 ಮಿ.ಮೀ. ಕೊಳ್ಳುವ ಮೊದಲು ನೋಡಿಕೊಳ್ಳಿ. ಮನೆಯವರಲ್ಲಿ ಯಾರಾದರೂ ಮೊಬೈಲಿನಲ್ಲಿ ತೆಗೆಯುವವರಿದ್ದರೆ ಒಂದೇ ಮಾತು: ಪರದೆಯ ಮೇಲೆ ಬೆರಳೊತ್ತಿ ಎಕ್ಸ್‌ಪೋಷರ್ ತುಸು ಕೆಳಗಿಳಿಸಿ, ಅಗಲದ ಲೆನ್ಸ್ ಬಿಟ್ಟು ಎರಡು ಪಟ್ಟಿನ ಲೆನ್ಸ್ ಬಳಸಿ. ಅರ್ಧ ಸಮಸ್ಯೆ ಅಲ್ಲಿಗೆ ಮುಗಿಯಿತು.

ಇಳಿತದ ಹೊತ್ತಿನಲ್ಲಿ ದಿಗಂತವನ್ನು ಪೂರ್ತಿ ಮರೆತು ಕಾಲ ಕೆಳಗೆ ನೋಡುವುದಕ್ಕೂ ಸಮಯವಿಡಿ. ನೀರು ಸರಿದ ಒದ್ದೆ ಮರಳಿನಲ್ಲಿ ಪುಟ್ಟ ಏಡಿಗಳು ಬಿಲದಿಂದ ಹೊರಬಂದು ಮರಳನ್ನು ಬಾಯಿಗಿಟ್ಟು, ಅದರಲ್ಲಿರುವ ಆಹಾರ ಹೀರಿ, ಉಳಿದದ್ದನ್ನು ಕಾಳಿನಷ್ಟು ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತವೆ. ಬಿಲವನ್ನು ನಡುವಿಟ್ಟುಕೊಂಡು ಸುತ್ತ ಸಾಲುಸಾಲಾಗಿ ಉಂಡೆಗಳು ಹರಡುತ್ತವೆ, ಸಾಲುಗಳ ನಡುವೆ ಏಡಿ ಓಡಾಡಲು ಒಂದು ಕಾಲುದಾರಿ ಉಳಿದಿರುತ್ತದೆ. ಸೂರ್ಯ ತಗ್ಗಿನಲ್ಲಿದ್ದಾಗ ಪ್ರತಿ ಉಂಡೆಗೂ ಒಂದು ನೆರಳು. ಮೊಣಕಾಲೂರಿ, ನೇರ ಮೇಲಿನಿಂದ ತೆಗೆಯಿರಿ. ಗಾತ್ರದ ಸುಳಿವು ಕೊಡುವ ಯಾವುದೂ ಚೌಕಟ್ಟಿನಲ್ಲಿ ಬೇಡ. ವಿಮಾನದಿಂದ ಕಂಡ ತೋಟವೋ ಏನೋ ಎಂದು ನೋಡುವವರು ಒಂದು ಗಳಿಗೆ ತಬ್ಬಿಬ್ಬಾಗಬೇಕು. ಮುಂದಿನ ಉಬ್ಬರಕ್ಕೆ ಎಲ್ಲ ಅಳಿಸಿಹೋಗುತ್ತದೆ, ಹಾಗಾಗಿ ನೀವು ತೆಗೆದದ್ದನ್ನು ಇನ್ನೊಬ್ಬರು ತೆಗೆಯುವ ಮಾತೇ ಇಲ್ಲ. ಸೃಜನಶೀಲತೆ ಎಂದು ನೀವು ಕೇಳಿದ್ದಕ್ಕೆ ಡ್ರೋನಿಗಿಂತ ಅಗ್ಗದ ಉತ್ತರ ಇದು.

ಮಧ್ಯಾಹ್ನದ ಬಿಸಿಲಿಗೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬನ್ನಿ. ದೋಣಿಗಳು ಹಗಲಲ್ಲೇ ಹೋಗಿಬರುವುದರಿಂದ ಎಳೆ ಬಿಸಿಲು ಅಲ್ಲಿ ಹೇಗೂ ಸಿಗುವುದಿಲ್ಲ, ಆದರೆ ಆ ಜಾಗಕ್ಕೆ ಖಾರ ಬಿಸಿಲೇ ಸರಿ. ಲಾವಾರಸ ತಣಿದು ಕುಗ್ಗುವಾಗ ಬಿರುಕುಬಿಟ್ಟು ನಿಂತ ಆರು ಮೂಲೆ, ಐದು ಮೂಲೆಯ ಕಂಬಗಳು ಅಲ್ಲಿವೆ. ಭಾರತ ಮತ್ತು ಮಡಗಾಸ್ಕರ್ ಬೇರೆಯಾದ, ಎಂಟು ಕೋಟಿ ವರ್ಷಕ್ಕೂ ಹಿಂದಿನ ಕಾಲದವು. ನೆತ್ತಿಯ ಬಿಸಿಲಿನಲ್ಲಿ ಪ್ರತಿ ಕಂಬದ ಅಂಚೂ ಕಪ್ಪು ನೆರಳಿನಿಂದ ಕೊರೆದಂತೆ ಕಾಣುತ್ತದೆ. ಕಪ್ಪು-ಬಿಳುಪಿಗೆ ತಿರುಗಿಸಿ, ಆಕಾಶ ಬಿಟ್ಟು ಬರೀ ಕಂಬಗಳ ತಲೆಗಳನ್ನು ತೆಗೆಯಿರಿ. ಕಾವಲಿನವರು ಬೇಡವೆಂದ ಬಂಡೆಗೆ ಹತ್ತಬೇಡಿ.

ಕೊನೆಯ ದಿನದ ಹೊನ್ನಾವರ ನಮ್ಮವರಿಗೆ ಬೇರೆಯೇ ಅರ್ಥದ ಊರು. ನಿಮ್ಮ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಅಲ್ಲಿ ಕಡಲು ಸೇರುತ್ತದೆ. ಅಳಿವೆಯ ಬಳಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಲಗೆಯ ಕಾಲುದಾರಿಯಿದೆ. ಉಬ್ಬರದಲ್ಲಿ ಹೋದರೆ ನೀರಿನ ಮೇಲೆ ಹಸಿರು ತಲೆಗಳಷ್ಟೇ. ಇಳಿತದಲ್ಲಿ ಕೆಸರಿನಿಂದ ಎದ್ದ ಬೇರುಗಳ ಹೆಣಿಗೆ ಪೂರ್ತಿ ಕಾಣುತ್ತದೆ. ಕಡಲಲ್ಲಿ ಕಳೆದುಕೊಂಡ ದಟ್ಟಣೆ ಇಲ್ಲಿ ಮರಳಿ ಸಿಗುವುದರಿಂದ ಮಲೆನಾಡಿನ ಕಣ್ಣಿಗೆ ಇದು ಸಲೀಸು. ಒಂದೇ ನದಿಯನ್ನು ಅಳಿವೆಯಿಂದ ಹಿಂದಕ್ಕೆ ಜೋಡಿಸುತ್ತ ಹೋಗುವ ಯೋಚನೆಯೂ ಇರಲಿ: ಬೆಳಗ್ಗೆ ಅಳಿವೆ, ಮಧ್ಯಾಹ್ನ ಗೇರುಸೊಪ್ಪೆಯ ಕಣಿವೆ, ಸಂಜೆಗೆ 253 ಮೀಟರ್ ಧುಮುಕುವ ಜೋಗ. ಐದಾರು ಚಿತ್ರಗಳ ಇಂಥ ಸರಣಿಗೆ ಬಿಡಿ ಸೂರ್ಯಾಸ್ತಕ್ಕಿಲ್ಲದ ತೂಕವಿದೆ. ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ತಗ್ಗಿ ಹಳೆಯ ಮಡೆನೂರು ಅಣೆಕಟ್ಟೆ ಮೇಲೆ ಬಂದಾಗ ಅದನ್ನೂ ಸೇರಿಸಬಹುದು. ನವೆಂಬರಿನಲ್ಲಿ ನೀರು ತುಂಬಿರುವುದರಿಂದ ಅದು ಕಾಣುವುದಿಲ್ಲ.

ಮೀನುಗಾರರನ್ನು ತೆಗೆಯುವ ಮುನ್ನ ಕೇಳಿ. ದಡದಿಂದ ಕೈರಂಪಣಿ ಎಂಬ ಬಲೆ ಎಳೆಯುವಾಗ ಅವರ ಕೈ ಖಾಲಿಯಿರುವುದಿಲ್ಲ, ಕೇಳುವುದಾದರೆ ಬಲೆ ದಡಕ್ಕೆ ಬಂದ ಮೇಲೆ ಕೇಳಿ. ಬಂಡೆಯ ಮೇಲಿರುವಾಗ ಕಡಲಿಗೆ ಬೆನ್ನು ಹಾಕಬೇಡಿ. ಮರವಂತೆಯಲ್ಲಿ ಬೆನ್ನು ಹಾಕಿ ಎಂದದ್ದು ರಸ್ತೆಯಾಚೆಯ ಹೊಳೆದಂಡೆಯಲ್ಲಿ ಮಾತ್ರ. ಹಸಿರು ಪಾಚಿ ಕಂಡಲ್ಲಿ ಕಾಲಿಡಬೇಡಿ. ಸಣ್ಣ ಅಲೆಗಳ ಬೆನ್ನಿಗೆ ಆಗಾಗ ದೊಡ್ಡದೊಂದು ಬರುತ್ತದೆ, ಐದು ನಿಮಿಷ ನಿಂತು ಅದು ಎಲ್ಲಿಯವರೆಗೆ ಏರುತ್ತದೆಂದು ನೋಡಿದ ಮೇಲೆ ಇಳಿಯಿರಿ.

ಡ್ರೋನ್ ಏಕೆ ಬೇಡ ಎಂಬುದನ್ನೂ ಹೇಳಿಬಿಡುತ್ತೇನೆ. 2021ರ ಡ್ರೋನ್ ನಿಯಮಗಳ ಪ್ರಕಾರ ಆಕಾಶವನ್ನು ಕೆಂಪು, ಹಳದಿ, ಹಸಿರು ವಲಯಗಳಾಗಿ ವಿಂಗಡಿಸಿದ್ದಾರೆ, ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆ ನೋಡಬೇಕು. ಘಟ್ಟದಲ್ಲಿ ಮೂಕಾಂಬಿಕಾ, ಸೋಮೇಶ್ವರ, ಶರಾವತಿ ಕಣಿವೆಯ ಅಭಯಾರಣ್ಯಗಳು, ಕಾರವಾರದಲ್ಲಿ ನೌಕಾನೆಲೆ. ಅನುಮತಿಯಿಲ್ಲದೆ ಹಾರಿಸಿ ಪೇಚಿಗೆ ಸಿಲುಕಿದರೆ ಮನೆಯವರ ಪ್ರವಾಸವೂ ಕೆಡುತ್ತದೆ.

ಕೊನೆಯದಾಗಿ ಉಪ್ಪು ಮತ್ತು ಬೂಷ್ಟು. ಕಡಲ ಗಾಳಿಯಲ್ಲಿ ಕಣ್ಣಿಗೆ ಕಾಣದ ಉಪ್ಪಿನ ಹನಿಗಳಿರುತ್ತವೆ. ಅವು ಒಣಗಿದ ಮೇಲೆ ಒರಸಿದರೆ ಗಾಜಿಗೆ ಗೀರು ಬೀಳುತ್ತದೆ. ಸಿಹಿನೀರಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಮೊದಲು ಒರಸಿ, ಆಮೇಲೆ ಒಣ ಬಟ್ಟೆ. ಟ್ರೈಪಾಡಿನ ಕಾಲುಗಳನ್ನು ರಾತ್ರಿ ನಲ್ಲಿಯ ಕೆಳಗೆ ತೊಳೆದು, ಬಿಚ್ಚಿ ಒಣಗಿಸಿ. ಎಸಿ ಕಾರಿನಿಂದ ಹೊರಗೆ ಬಂದಾಗ ಲೆನ್ಸಿನ ಮೇಲೆ ಆವಿ ಕೂರುತ್ತದೆ, ಹದಿನೈದು ನಿಮಿಷ ಕ್ಯಾಮೆರಾವನ್ನು ಮುಚ್ಚಿದ ಚೀಲದಲ್ಲೇ ಬಿಟ್ಟು ಆಮೇಲೆ ತೆಗೆಯಿರಿ. ಊರಿಗೆ ಬಂದ ಮೇಲೆ ಚರ್ಮದ ಕೇಸಿನೊಳಗೆ ತುಂಬಿ ಬೀರುವಿನಲ್ಲಿಡಬೇಡಿ, ಮಲೆನಾಡಿನ ತೇವಕ್ಕೆ ಚರ್ಮವೇ ಬೂಷ್ಟಿನ ತವರು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಹರಳುಗಳ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಿ. ಈ ಮಳೆಗಾಲ ನಿಮ್ಮ ಲೆನ್ಸುಗಳು ಹೇಗಿದ್ದವೋ ನನಗೆ ತಿಳಿಯದು, ಆದ್ದರಿಂದ ಇವತ್ತೇ ಎರಡರೊಳಗೂ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಗಾಜಿನ ಒಳಗೆ ತೆಳ್ಳನೆಯ ಕವಲೊಡೆದ ಎಳೆಗಳು ಕಂಡರೆ ಅದು ಬೂಷ್ಟು. ಶುಚಿ ಮಾಡಿಸಲು ಬೆಂಗಳೂರಿಗೇ ಕಳಿಸಬೇಕಾಗಿ ಬರಬಹುದು, ಅದಕ್ಕೆ ವಾರಗಳು ಹಿಡಿಯುತ್ತವೆ. ಹುಣ್ಣಿಮೆ ಕಾಯುವುದಿಲ್ಲ.